ಹುತ್ರಿದುರ್ಗದ ಹುಳು

...ಅಳೋದಾದ್ರೆ ಆಚೆ ಹೋಗಿ ಅಳಮ್ಮ ಉಮಾ, ಲ್ಯಾಬಲ್ಲಿ ಬೇಡ. ಅಳ್ತಿಲ್ವಾ? ಸರಿ, ಕೂತ್ಕೋ. ಗುಬ್ಬಿಯಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದಿರ್ತೀಯ.

ನಿನ್ನ ಸಂಕಟ ನಂಗೆ ಗೊತ್ತು. ಮೂರು ವರ್ಷ, ಪ್ರತಿ ಭಾನುವಾರ ಕುಣಿಗಲ್ ಬಸ್ಸು, ಆಮೇಲೆ ಹುತ್ರಿದುರ್ಗದ ಬೆಟ್ಟ. ಆ ಹುಳು ಇನ್ನೊಂದು ಸಲ ಸಿಗ್ದೇ ಇದ್ರೆ ಮಾರ್ಚಲ್ಲಿ ಥೀಸಿಸ್ ಇಲ್ಲ. ಗೈಡಾಗಿ ನಾನೇನ್ ಮಾಡ್ಲಿ? ಎಳ್ಳಿನಷ್ಟು ಹುಳು. ಮರಿಯಾಗಿದ್ದಾಗ ಅವರೆ ಎಲೆಯ ಎರಡು ಪದರದ ಮಧ್ಯೆ ಕೂತು ಮೇಯ್ತಿರುತ್ತೆ. ಅದು ಮೇಯ್ದ ಬಿಳಿ ಗೆರೆ ನೋಡಿ ರೈತ್ರು ರಂಗೋಲಿ ರೋಗ ಅಂತ ಎಲೆ ಕಿತ್ತು ಎಸೀತಾರೆ. ನಾವು ಅದೇ ಎಲೇನ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿ, ಬಟ್ಟೆ ಕಟ್ಟಿ, ಮುಂದೆ ಕೂತ್ಕೊಂಡು ಕಾಯ್ತೀವಿ.

ಯಾಕ್ ನಗ್ತೀಯ? ನಾನೂ ಕಾದಿದೀನಿ ಕಣಮ್ಮ. ತೊಂಬತ್ತೆಂಟರಲ್ಲಿ ಒಂದೇ ಒಂದು ಎಲೆಯಿಂದ ಹೊರಗೆ ಬಂತು. ಅದ್ರಿಂದಲೇ ಪೇಪರ್, ಅದ್ರಿಂದಲೇ ಪ್ರಮೋಷನ್. ಕೋಟೆ ಬೆಟ್ಟದ ಹೊಸ ಜಾತಿ ಅಂದ್ರೆ ತೂಕ ಬೇರೆ... ಯಾವ್ದೋ ತಿಪ್ಪೆ ಪಕ್ಕ ಸಿಕ್ತು ಅಂದಿದ್ರೆ ಯಾರ್ ಓದ್ತಿದ್ರು ಬಿಡು.

ಬ್ಯಾಗಿಂದ ಏನ್ ತೆಗೀತಿದೀಯ? ಬಾಟ್ಲಿ... ತಾಳು, ಕನ್ನಡಕ ಎಲ್ಲಿ.

ಅದೇ. ಬೆನ್ನ ಮೇಲೆ ಅದೇ ಮುಳ್ಳು. ಓಡಾಡ್ತಾ ಇದೆಯಲ್ಲ ಉಮಾ! ಇದು ಸಿಕ್ಕಿದ್ಮೇಲೂ ಇಂಥ ಮುಖ ಹೊತ್ಕೊಂಡು ಕೂತಿದೀಯಲ್ಲ.

ಲೇಬಲ್ ಎಲ್ಲಿ? ನೀನು ಲೇಬಲ್ ಮರೆಯೋಳಲ್ಲ. ಪೆನ್ಸಿಲ್ಲಲ್ಲಿ ಬರ್ದು ಬಾಟ್ಲಿ ಒಳಗೇ ಹಾಕು ಅಂತ ಎಷ್ಟ್ ಸಲ ಹೇಳಿದೀನಿ. ನಾನು ಮೈದಾ ಅಂಟು ಹಚ್ಚಿ ಹೊರಗೆ ಅಂಟಿಸ್ತಿದ್ದೆ. ಅದೇ ತೊಂಬತ್ತೆಂಟರಲ್ಲಿ ಜಿರಳೆ ಬಂದು ಒಂದು ಸಾಲು ಪೂರ್ತಿ ತಿಂದ್ಹಾಕ್ತು. ಹುತ್ರಿದುರ್ಗದ್ದು, ಬೆಳ್ಳಾವಿ ಹೊಲದ್ದು, ಎಲ್ಲಾ ಬಾಟ್ಲಿ ಬೋಳು. ಆಮೇಲೆ ನೆನಪಿಂದ ಬರ್ದೆ. ನೆನಪು ಚೆನ್ನಾಗೇ ಇತ್ತು... ಆ ಮಾತು ಬೇರೆ.

ಖಾಲಿ ಚೀಟಿ ನನ್ನ ಕಡೆ ಯಾಕ್ ತಳ್ತಿದೀಯ? ನಾನೇ ಬರೀಬೇಕಾ? ಹ್ಞೂಂ, ಪೆನ್ಸಿಲ್ ಕೊಡು. ಗಿಡ, ಅವರೆ. ತಾರೀಕು... ನಿನ್ನೆದಾ? ನಿನ್ನೆದು. ಹಿಡಿದವರು, ಉಮಾಮಹೇಶ್ವರಿ. ನಿನ್ನ ಹೆಸ್ರು ಉದ್ದ, ಚೀಟಿ ಸಾಲಲ್ಲ. ಸಿಕ್ಕಿದ ಊರು, ಬೆಳ್ಳಾವಿ.

ತಗೋ. ಒಳಗೆ ಹಾಕು.

ಏನಮ್ಮ, ಹಾಗ್ ನೋಡ್ತೀಯ? ತಪ್ಪು ಬರ್ದ್ನಾ?

...

ಇದು ಸಿಕ್ಕಿದ ಊರು ಯಾವ್ದು ಅಂತ ನೀನಿನ್ನೂ ಹೇಳೇ ಇಲ್ಲ, ಅಲ್ವಾ.