ತೊಳೆದಿಟ್ಟ ಲ್ಯಾಪ್‌ಟಾಪು

ಮಂಚೇನಹಳ್ಳಿಯಿಂದ ಗೌರಿಬಿದನೂರಿಗೆ ಹೊರಟ ಬಸ್ಸು. ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೈದುನನ ಜೊತೆ ಮಾತಾಡುತ್ತಿದ್ದಳು. ನನ್ನ ಕಿವಿ ಅತ್ತಲೇ ಹೋಯಿತು.

“ರೀಸೆಟ್ ಯಾಕ್ ಮಾಡಿದ್ರಿ ಅತ್ತಿಗೆ?”

“ಆಯುಧಪೂಜೆ ಅಲ್ವೇನಪ್ಪ ಚೈತನ್ಯ? ಬೈಕು, ಮಿಕ್ಸಿ ಎಲ್ಲಾ ತೊಳೆದ್ವಿ. ಇದೂ ಒಳಗಿಂದ ಕ್ಲೀನಾಗ್ಲಿ ಅಂತ ಒತ್ತಿಬಿಟ್ಟೆ. ಮಾವನ ಬಸ್ ಓಡಿಸೋ ಗೇಮು ಹೋಗೇಬಿಡ್ತು.”

“ಗೇಮು ಇದ್ದಿದ್ದು ಹೊರಗಡೆ ಸಿಕ್ಕಿಸೋ ಹಾರ್ಡ್‌ಡಿಸ್ಕಲ್ಲಿ. ಆಗ ಅದೆಲ್ಲಿತ್ತು?”

“ದೇವರ ಮನೇಲಿ. ಕುಂಕುಮ ಇಟ್ಟಿದ್ದೆ.”

“ಹಂಗಾದ್ರೆ ಉಳ್ಕೊಂಡಿದೆ. ಮತ್ತೆ ಡೌನ್‌ಲೋಡ್ ಮಾಡೋದು ಬೇಡ. ಗೇಮ್ ತೆರೆಯೋ ಆಪ್ ಮಾತ್ರ ಹಾಕಿ ಹಾರ್ಡ್‌ಡಿಸ್ಕಿನ ಹಳೇ ಫೋಲ್ಡರ್ ತೋರಿಸಿದ್ರೆ ಅದೇ ಕಂಡ್ಕೊಳ್ಳುತ್ತೆ.”

“ಮಾವ ಇಷ್ಟು ದಿನ ಓಡಿಸಿದ್ದು?”

“ಅದು ಲ್ಯಾಪ್‌ಟಾಪಲ್ಲೇ ಸೇವ್ ಆಗಿತ್ತು, ಅಳಿಸಿಹೋಗಿದೆ. ಅಪ್ಪ ಮೊದಲಿಂದ ಓಡಿಸ್ಬೇಕು.”

ಅವಳು ಸ್ವಲ್ಪ ಹೊತ್ತು ನಮ್ಮ ಡ್ರೈವರನ್ನೇ ನೋಡಿದಳು.

“ಡ್ರೈವರ್ ಡ್ಯೂಟಿಯಿಂದ ರಿಟೈರ್ ಆದ್ಮೇಲೆ ಅವರಿಗೆ ಅದೊಂದೇ ಬಸ್ಸು. ಏನ್ ಹೇಳ್ಲಿ?”

“ಪೂಜೆ ಆಗಿದೆ, ಇದು ಮೊದಲನೇ ಟ್ರಿಪ್ಪು ಅನ್ನಿ.”

ಗೌರಿಬಿದನೂರಿನಲ್ಲಿ ಇಬ್ಬರೂ ಇಳಿದರು. ನಾನು ಕಿಟಕಿಯಿಂದ ನೋಡಿದಾಗ, ಅವಳು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು, ಬಸ್ಸಿನ ಚಕ್ರದಡಿ ಇಡುವುದಕ್ಕೆಂಬಂತೆ, ತಳ್ಳುಗಾಡಿಯವನ ಹತ್ತಿರ ನಿಂಬೆಹಣ್ಣು ಆರಿಸುತ್ತಿದ್ದಳು.