ಜೇಬಿನಲ್ಲಿ ಸದ್ದು ಮಾಡದ ಬಿಳಿ ಪಾರಿವಾಳ

ಬೀದಿಯಲ್ಲಿ ಎಲ್ಲರೂ ಕೋಟಿನಕ್ಕ ಎಂದು ಕರೆಯುವ ನಾನು, ವಯಸ್ಸು ನಲವತ್ತೊಂದು, ಉದ್ಯೋಗ ಹೊಲಿಗೆ ಹಾಗೂ ಜಾದೂಗಾರರಾದ ನನ್ನ ಯಜಮಾನರಿಗೆ ವೇದಿಕೆಯಲ್ಲಿ ಸಹಾಯ, ವಾಸ ಬೇಕರಿಯ ಮೇಲಿನ ಎರಡನೇ ಮಹಡಿ, ಈ ಮೂಲಕ ಠಾಣೆಗೆ ತಿಳಿಸುವುದೇನೆಂದರೆ,

ಮಕ್ಕಳಿಗಾಗಿ ನಾವು ಮಾಡುವ ಜಾದೂ ಪ್ರದರ್ಶನದಲ್ಲಿ ಪಾರಿವಾಳವೊಂದು ಮಾಯವಾಗಬೇಕು. ಅದು ಹೋಗುವುದು ಕೋಟಿನ ಒಳಜೇಬಿಗೆ. ಇದನ್ನು ಹೊರಗಿನವರಿಗೆ ಹೇಳುವ ರೂಢಿ ನಮ್ಮಲ್ಲಿಲ್ಲ. ಸಾಹೇಬರು ಕೇಳಿದ್ದರಿಂದ ಹೇಳಿದ್ದೇನೆ. ನಮ್ಮ ಹಳೆಯ ಪಾರಿವಾಳಕ್ಕೆ ಈಚೆಗೆ ಬಾಯಿ ಬಂದಿತ್ತು. ಹೋದ ಪ್ರದರ್ಶನದಲ್ಲಿ ಅದು ಜೇಬಿನೊಳಗಿಂದಲೇ ಗುಟುರ್ ಎಂದಿತು. ಮುಂದಿನ ಸಾಲಿನ ಮಕ್ಕಳು ಅಲ್ಲಿದೆ, ಅಲ್ಲಿದೆ ಎಂದು ಕೂಗಿ ನಮ್ಮ ಮಾನ ಕಳೆದರು. ಹಾಗಾಗಿ ಬಾಯಿ ಬಿಡದ ಹಕ್ಕಿಯೊಂದು ಬೇಕಾಯಿತು.

ನಿನ್ನೆ ಸಂಜೆ ಐದಕ್ಕೆ ನಾನೂ ಯಜಮಾನರೂ ಮನೆಯಿಂದ ಅರ್ಧ ಕಿಲೋಮೀಟರ್ ದೂರದ ಹಕ್ಕಿ ಅಂಗಡಿಗೆ ಹೋದೆವು. ಅಂಗಡಿಯವರನ್ನು ಜನ ರೆಕ್ಕೆ ತಾತ ಎನ್ನುತ್ತಾರೆ. ಯಜಮಾನರು ಕೋಟು ತೊಟ್ಟುಕೊಂಡೇ ಬಂದಿದ್ದರು. ಜೇಬಿನ ಗುಟ್ಟು ಕಾಣಬಾರದೆಂದು ತಾತನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ಐದು ಬಿಳಿ ಪಾರಿವಾಳಗಳನ್ನು ಒಂದೊಂದಾಗಿ ಒಳಗೆ ಹಾಕಿಕೊಂಡು ಅಂಗಡಿಯಲ್ಲೇ ಓಡಾಡಿ ನೋಡಿದರು. ನಾಲ್ಕು ಒದ್ದಾಡಿದವು. ಒಂದು ಮಾತ್ರ ಉಸಿರೆತ್ತಲಿಲ್ಲ. ಅದನ್ನೇ ಕೊಡಿ ಎಂದೆವು.

ತಾತ ತಿರುಗಿ ನೋಡಿ, ಅದು ಬೇಡ, ಮರಿಯಾಗಿದ್ದಾಗಿನಿಂದ ನನ್ನ ಕೈಯಲ್ಲೇ ತಿಂದು ಬೆಳೆದದ್ದು, ಬೇರೆ ಯಾವುದಾದರೂ ತೆಗೆದುಕೊಳ್ಳಿ ಎಂದರು. ತನ್ನ ಸರಕನ್ನು ತಾನೇ ಬೇಡ ಎನ್ನುವ ವ್ಯಾಪಾರಿಯನ್ನು ನಾನು ಕಂಡಿಲ್ಲ. ನನಗೆ ಅನುಮಾನ ಹುಟ್ಟಿದ್ದು ಅಲ್ಲೇ. ಮಕ್ಕಳ ಖುಷಿಗೆ ತಾನೇ ಎಂದು ಯಜಮಾನರು ಅಂಗಲಾಚಿದ ಮೇಲೆ ಕೊಟ್ಟರು. ಕೊಡುವಾಗ ಮನೆ ಎಲ್ಲಿ, ಕಿಟಕಿಗೆ ಜಾಲರಿ ಇದೆಯೇ, ರಾತ್ರಿ ಎಲ್ಲಿಡುತ್ತೀರಿ ಎಂದು ವಿಚಾರಿಸಿದರು. ಇಷ್ಟೆಲ್ಲ ವಿಚಾರಣೆಯನ್ನು ಹೆಣ್ಣು ಕೊಡುವವರು ಮಾಡುತ್ತಾರೆ, ಹಕ್ಕಿ ಮಾರುವವರಲ್ಲ.

ಮನೆಗೆ ಬಂದಾಗ ಕೆಳಗಿನ ಬೇಕರಿಯವರು ಹೇಳಿದ್ದೇನೆಂದರೆ, ಕೆಲವು ಪಾರಿವಾಳಗಳು ಎಲ್ಲಿಗೆ ಒಯ್ದರೂ ಹಳೆಯ ಗೂಡಿಗೇ ಹಾರಿಹೋಗುತ್ತವೆ, ಒಂದೇ ಹಕ್ಕಿಯನ್ನು ಹತ್ತು ಜನರಿಗೆ ಮಾರಿ ಬದುಕುವವರೂ ಇದ್ದಾರೆ. ನನಗೆ ಎಲ್ಲವೂ ಅರ್ಥವಾಯಿತು ಅಂದುಕೊಂಡೆ.

ಇಂದು ಬೆಳಿಗ್ಗೆ ಹತ್ತಕ್ಕೆ ಯಜಮಾನರು ನಾದಿನಿಯ ಮಕ್ಕಳ ಮುಂದೆ ಅಭ್ಯಾಸ ಮಾಡಿದರು. ಹಕ್ಕಿ ಮಾಯವಾಯಿತು. ಅಡುಗೆಮನೆ ಬಾಗಿಲಲ್ಲಿದ್ದ ನನಗೂ ಅದು ಹೋದದ್ದು ಕಾಣಲಿಲ್ಲ. ಕೂಡಲೇ ಅವರು ಕೋಟನ್ನು ಗೂಟಕ್ಕೆ ಹಾಕಿ, ಪೆಟ್ಟಿಗೆಗಳನ್ನು ಹೊತ್ತು ಸಭಾಂಗಣಕ್ಕೆ ಹೊರಟರು. ಸಂಜೆ ಐದಕ್ಕೆ ಪ್ರದರ್ಶನ. ಕೋಟು, ಹಕ್ಕಿ ನಾನು ತರಬೇಕು. ಹಕ್ಕಿಯನ್ನು ಜೇಬಿನಿಂದ ತೆಗೆಯುವುದು ಯಾವಾಗಲೂ ನನ್ನ ಕೆಲಸ. ಯಜಮಾನರು ತೆಗೆಯುವುದಿಲ್ಲ, ತೆಗೆದು ಅಭ್ಯಾಸವಾದರೆ ವೇದಿಕೆಯಲ್ಲೂ ಕೈ ಅಲ್ಲಿಗೇ ಹೋಗುತ್ತದೆ, ಮಕ್ಕಳ ಕಣ್ಣೂ ಹಿಂದೆಯೇ ಹೋಗುತ್ತದೆ. ನಾನು ಹಕ್ಕಿಯ ಜೇಬಿಗೆ ಕೈ ಹಾಕಿದೆ. ಖಾಲಿ ಇತ್ತು. ಕಿಟಕಿ ತೆರೆದಿತ್ತು. ಯಜಮಾನರಿಗೆ ಫೋನ್ ಮಾಡಿದರೆ ಎತ್ತಲಿಲ್ಲ.

ಹನ್ನೊಂದೂವರೆಗೆ, ಹಕ್ಕಿಯನ್ನು ಜೇಬಿಗೆ ಹಾಕಿ ಪರೀಕ್ಷಿಸಲು ಬೇಕಾಗುತ್ತದೆಂದು ಕೋಟನ್ನು ಹ್ಯಾಂಗರ್ ಸಮೇತ ಹಿಡಿದು ತಾತನ ಅಂಗಡಿಗೆ ಹೋದೆ. ಒಳಗಿನ ಹತ್ತಿ, ಉಂಗುರ, ಸರಪಳಿ ಎಲ್ಲ ಸೇರಿ ಆ ಕೋಟು ಮೂಟೆಯಷ್ಟು ಭಾರ. ಬಾಗಿಲ ಪಕ್ಕದ ಪಂಜರದಲ್ಲಿ ಬಿಳಿ ಪಾರಿವಾಳವೊಂದು ಏನೂ ಅರಿಯದಂತೆ ಕಾಳು ತಿನ್ನುತ್ತಿತ್ತು. ಇದು ನಮ್ಮದು ಎಂದೆ. ತಾತ ಅಲ್ಲ ಎಂದರು. ಹಾಗಾದರೆ ಆ ಹಕ್ಕಿ ಎಲ್ಲಿ ಎಂದು ತಿರುಗಿ ನನ್ನನ್ನೇ ಕೇಳಿದರು. ತಪ್ಪು ಮಾಡದವರು ಪ್ರಶ್ನೆಯನ್ನು ಯಾಕೆ ತಿರುಗಿಸಬೇಕು? ಜನ ಸೇರಿದರು. ಒಬ್ಬರು ಕಳ್ಳ ಎಂದು ತಾತನ ಕೊರಳಪಟ್ಟಿ ಹಿಡಿದರು. ನಾನು ತಡೆಯಲಿಲ್ಲ. ಪಂಜರ ಸಮೇತ ಅವರನ್ನು ಠಾಣೆಗೆ ಕರೆತಂದೆವು. ನಮ್ಮ ಹಕ್ಕಿ ಈಗ ಅವರ ಬಳಿಯೇ ಇದೆ. ಅವರ ಮೇಲೆ ಕ್ರಮ ಕೈಗೊಳ್ಳಬೇಕು.

ಇಷ್ಟು ಬರೆಸಿದ ಮೇಲೆ ಸಾಹೇಬರು, ಬಿಳಿ ಹಕ್ಕಿಗಳೆಲ್ಲ ಒಂದೇ ಥರ, ನಿಮ್ಮದೇ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. ನಮ್ಮದಾದರೆ ಜೇಬಿನಲ್ಲಿ ಸದ್ದು ಮಾಡುವುದಿಲ್ಲ ಎಂದೆ. ಪಂಜರದ ಹಕ್ಕಿಯನ್ನು ಎಡಗಡೆಯ ಹಕ್ಕಿ ಜೇಬಿಗೆ ಹಾಕಿ ಕೋಟನ್ನು ಕುರ್ಚಿಯ ಬೆನ್ನಿಗೆ ತೊಡಿಸಿದೆ. ಎಲ್ಲರೂ ಸುಮ್ಮನೆ ಕುಳಿತೆವು. ಸ್ವಲ್ಪ ಹೊತ್ತಿಗೆ ಅದು ಗುಟುರ್ ಎಂದಿತು. ಸಾಹೇಬರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಕೋಟಿನ ಬಲಗಡೆಯಿಂದ ಸಣ್ಣದಾಗಿ ಇನ್ನೊಂದು ಗುಟುರು ಕೇಳಿಸಿತು.

ಬಲಗಡೆಯದು ಕರವಸ್ತ್ರದ ಜೇಬು. ಅದನ್ನು ಹೊಲಿದವಳು ನಾನೇ. ಯಜಮಾನರು ಅವಸರದಲ್ಲಿ ಹಕ್ಕಿಯನ್ನು ಅದರೊಳಗೆ ಇಳಿಸಿದ್ದರು. ಕರವಸ್ತ್ರ ಇರುವ ಕಡೆ ಹಕ್ಕಿ ಹುಡುಕುವ ಬುದ್ಧಿ ನನಗೆ ಬರಲಿಲ್ಲ. ಹೊರಗೆ ತೆಗೆದಾಗ ಅದರ ಕೊಕ್ಕು ತೆರೆದಿತ್ತು, ಕತ್ತು ವಾಲಿತ್ತು. ಕಳ್ಳನನ್ನು ಹಿಡಿಯುತ್ತೇನೆಂದು ಅದನ್ನು ನಾನೇ ಬೀದಿ ತುಂಬ ಹೊತ್ತು ತಿರುಗಿದ್ದೆ. ತಾತ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಬೆರಳನ್ನು ನೀರಿಗೆ ಅದ್ದಿ ಅದ್ದಿ ಕುಡಿಸಿದರು. ಕಾಲು ಗಂಟೆಯ ಮೇಲೆ ಅದು ಕತ್ತೆತ್ತಿತು. ನನಗೆ ಅಳು ಬಂತು, ನಾಚಿಕೆಯೂ ಆಯಿತು. ತಾತನ ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ಹೊಲಿದುಕೊಡುತ್ತೇನೆ ಎಂದೆ. ಅವರು ಹಕ್ಕಿಗೆ ಇನ್ನೊಂದು ಹನಿ ನೀರು ಕುಡಿಸಿದರು.

ಮೇಲಿನ ದೂರನ್ನು ಹೊಡೆದುಹಾಕಲೇ ಎಂದು ಬರೆದುಕೊಳ್ಳುತ್ತಿದ್ದ ಪೇದೆಯವರು ಕೇಳಿದರು. ನಾನು ಹೂಂ ಎನ್ನುವ ಮೊದಲೇ ತಾತ ಆ ಹಕ್ಕಿಯನ್ನು ಎದೆಗೆ ಅವಚಿಕೊಂಡು ಎದ್ದು ನಿಂತರು.

"ಹಕ್ಕಿ ನನ್ನ ಹತ್ರಾನೇ ಇದೆ ಅಂತ ಬರೆಸಿದ್ದಾರಲ್ಲ," ಎಂದರು. "ಆ ಸಾಲು ಹೊಡೆದುಹಾಕ್ಬೇಡಿ. ಹಾಗೇ ಇರ್ಲಿ."

ಇನ್ನೊಂದನ್ನು ಪಂಜರಕ್ಕೆ ಬಿಟ್ಟುಕೊಂಡು ಅವರು ಹೊರಟುಹೋದರು. ನಾನು ತಡೆಯಲಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಹಕ್ಕಿ ಅವರ ಬಳಿಯೇ ಇದೆ ಎಂಬುದೂ ಸೇರಿ ಎಲ್ಲವೂ ನಿಜ. ಕಳ್ಳ ಎಂಬ ಒಂದು ಮಾತು ಮಾತ್ರ ಸುಳ್ಳು.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: ಇಂದು, ಮಧ್ಯಾಹ್ನ ಎರಡು ಗಂಟೆ
ಸಹಿ: ಕೋಟಿನಕ್ಕ