ಆಶ್ರಮದ ಪುಟದಲ್ಲಿ ಶೇಷಪ್ಪ

ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ಲ್ಯಾಪ್‌ಟಾಪನ್ನು ತಾಯಿಯತ್ತ ತಿರುಗಿಸಿದಳು.

“ಅಮ್ಮ, ಇದು ಶೇಷಪ್ಪ ಮಾವ ಅಲ್ವಾ?”

ಆಕೆ ಬೆಚ್ಚಿಬಿದ್ದರು. “ಅಯ್ಯೋ, ನನ್ನ ತಮ್ಮನೇ! ಕಾಣೆಯಾಗಿ ಒಂಬತ್ತು ವರ್ಷ ಆಯ್ತಲ್ಲೇ. ಎಲ್ಲಿ ಸಿಕ್ತು?”

“ಹುಬ್ಬಳ್ಳಿ ಕಡೆಯ ಒಂದು ಆಶ್ರಮದ ವೆಬ್‌ಸೈಟಲ್ಲಿ.”

“ನೆಟ್ಟಲ್ಲೂ ಹುಡುಕಿದ್ವಲ್ಲ!”

“ಇಂಥ ಸೈಟಲ್ಲಿ ಪುಟ ತೆರೆದು ಕಾದ್ರೆ ಮಾತ್ರ ಫೋಟೊ ಬರೋದು. ಅದಕ್ಕೇ ಪರದೆ ಮೇಲೆ ಕಾಣದ ನಲವತ್ತು ಬ್ರೌಸರ್ ಒಟ್ಟಿಗೆ ಓಡಿಸ್ದೆ. ಸಿಕ್ಕ ಆಶ್ರಮಗಳ ಪುಟವನ್ನೆಲ್ಲ ತೆರೆದು, ಮಾವನ ಹಳೇ ಫೋಟೊಗೆ ಹೋಲೋ ಮುಖ ಹುಡುಕಿದ್ವು.”

“ಹೋದ ವರ್ಷ ಅವನ ತಿಥಿ ಮಾಡಿಬಿಟ್ವಲ್ಲೇ ಕವನಾ!”

“ನಿಂಗೆ ತೋರಿಸೋ ಮುಂಚೆ ಆಚೆ ಹೋಗಿ ಆಶ್ರಮಕ್ಕೆ ಫೋನ್ ಮಾಡಿ ಬಂದೆ. ಬದುಕಿದ್ದಾರೆ ಅಮ್ಮ. ‘ಸರೋಜಕ್ಕ ಬರ್ತಾಳಾ’ ಅಂತ ಮಾವನೇ ಕೇಳಿದ್ರು.”

ಹುಬ್ಬಳ್ಳಿಗೆ ಹೋಗುವ ದಾರಿಯ ಶಿವಮೊಗ್ಗದ ಬಸ್ಸು ಬಂತು. ಆಕೆ ಬೆಂಚಿನ ಕೆಳಗೆ ಬಿಟ್ಟಿದ್ದ ಚಪ್ಪಲಿಯನ್ನೂ ಮರೆತು ಓಡಿ ಹತ್ತಿದರು.